ಗಬ್ಬ ನಿಲ್ಲದಿದ್ದರೆ ಗಂಡು ಹಂದಿಯನ್ನೂ ನೋಡಿ

ಮಾನ್ಯರೇ,

ಹಂದಿ ಸಾಕಣೆಯ ಬಗ್ಗೆ ಬರುವ ಬರಹಗಳಲ್ಲಿ ತಾಯಿಹಂದಿ ಮತ್ತು ಮರಿಗಳದ್ದೇ ಮಾತು. ಗಂಡು ಹಂದಿಯ ಆರೈಕೆಗೆ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಈ ಅಸಡ್ಡೆಯಿಂದ ನಾನೇ ಕೈ ಸುಟ್ಟುಕೊಂಡಿದ್ದೇನೆ.

ಒಂದು ಬೇಸಿಗೆಯ ಕೊನೆಗೆ ನಮ್ಮ ನಾಲ್ಕು ಹೆಣ್ಣು ಹಂದಿಗಳು ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬಂದವು. ದೋಷ ಅವುಗಳದ್ದೇ ಎಂದು ಎರಡನ್ನು ಮಾರಿಬಿಟ್ಟೆ. ಕೊಂಡವರ ಮನೆಯಲ್ಲಿ ಒಂದು ಹಂದಿ ಮೊದಲ ಸಲಕ್ಕೇ ಗಬ್ಬ ನಿಂತು ಹನ್ನೊಂದು ಮರಿ ಹಾಕಿತು. ಆಗ ಗಂಡಿನ ಕಡೆ ತಿರುಗಿ ನೋಡಿದೆ.

ವೀರ್ಯಾಣು ಹುಟ್ಟಿ, ಬಲಿತು ಹೊರಬರಲು ಆರೇಳು ವಾರ ಬೇಕು. ಹಾಗಾಗಿ ಇಂದು ಬಂದ ಜ್ವರದ, ತಾಳಲಾರದ ಸೆಕೆಯ ಪೆಟ್ಟು ಕಾಣಿಸುವುದು ಎರಡು ವಾರ ಕಳೆದ ಮೇಲೆ. ಪೂರ್ತಿ ಸುಧಾರಿಸಲು ಎರಡು ತಿಂಗಳೇ ಹಿಡಿಯಬಹುದು. ಹಂದಿ ಬೆವರಿ ಮೈ ತಂಪು ಮಾಡಿಕೊಳ್ಳುವ ಪ್ರಾಣಿಯಲ್ಲ. ಆ ಬೇಸಿಗೆಯಲ್ಲಿ ನಮ್ಮ ಗಂಡು ತಗಡಿನ ಕೆಳಗೆ, ನೀರಿನ ತೊಟ್ಟಿಯ ಪಕ್ಕದ ಒದ್ದೆ ನೆಲಕ್ಕೆ ಹೊಟ್ಟೆ ಒತ್ತಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತಾ ಮಲಗಿರುತ್ತಿತ್ತು. ದಿನವೂ ನೋಡುತ್ತಿದ್ದೆ. ಸಂಜೆ ಎದ್ದು ತಿನ್ನುತ್ತಿತ್ತು, ಹೆಣ್ಣನ್ನು ಹಾರುತ್ತಿತ್ತು. ಇನ್ನೇನು ಬೇಕು ಎಂದುಕೊಂಡೆ. ಹಾರಿದ ಮಾತ್ರಕ್ಕೆ ವೀರ್ಯ ಗಟ್ಟಿಯಿದೆ ಎಂದಲ್ಲ. ಈಗ ಸೂರಿನ ಮೇಲೆ ಹುಲ್ಲು ಹೊದಿಸಿದ್ದೇನೆ, ಮಧ್ಯಾಹ್ನ ಮೈಗೆ ನೀರು ಹನಿಸುತ್ತೇನೆ, ಹಾರಿಸುವುದು ಬೆಳಗಿನ ತಂಪಿನಲ್ಲೇ.

ಆಹಾರದಲ್ಲೂ ತಪ್ಪು ಮಾಡುತ್ತಿದ್ದೆ. ಮಾಂಸಕ್ಕೆ ಬೆಳೆಸುವ ಹಂದಿಗಳ ಜೊತೆ ಗಂಡಿಗೂ ಹೊಟ್ಟೆ ತುಂಬ ಸುರಿಯುತ್ತಿದ್ದೆ. ಕೊಬ್ಬಿದ ಗಂಡಿಗೆ ಕಾಲು ಸೋಲುತ್ತದೆ, ಆಸಕ್ತಿ ಕುಗ್ಗುತ್ತದೆ, ಎಳೆಯ ಹೆಣ್ಣು ಅದರ ಭಾರ ತಡೆಯುವುದಿಲ್ಲ. ಅರೆಹೊಟ್ಟೆ ಇಟ್ಟರೂ ಕೆಡುಕೇ. ಬೆಳೆದ ಗಂಡಿಗೆ ಮೈತೂಕ ನೋಡಿ ದಿನಕ್ಕೆ 2ರಿಂದ 3 ಕಿಲೋ ಸಾಕು, ಅದರಲ್ಲಿ ಶೇ 14ರಷ್ಟಾದರೂ ಪ್ರೋಟೀನ್ ಇರಲಿ. ಬೆನ್ನೆಲುಬು ಅಂಗೈ ಒತ್ತಿದರೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಸತು, ಸೆಲೆನಿಯಮ್, ವಿಟಮಿನ್ ಇ ಇರುವ ಖನಿಜ ಮಿಶ್ರಣವನ್ನು ಅಳತೆ ಮೀರದೆ ಕೊಡಿ. ಸೆಲೆನಿಯಮ್ ಹೆಚ್ಚಾದರೆ ವಿಷ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನಂತೂ ಹತ್ತಿರ ತರಬೇಡಿ. ಅದರಲ್ಲಿರಬಹುದಾದ ಝಿಯರಾಲೆನೋನ್ ಎಂಬ ವಿಷ ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡಿ ಎಳೆಯ ಗಂಡನ್ನು ಕೆಡಿಸುತ್ತದೆ.

ಎಂಟು ತಿಂಗಳು ತುಂಬದ ಗಂಡನ್ನು ಹಾರಿಸಬೇಡಿ. ವರ್ಷ ತುಂಬುವವರೆಗೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ.

ನಿಮ್ಮ ಕೃಷಿ ಪುಟದಲ್ಲಿ ಗಂಡು ಹಂದಿಯ ವೀರ್ಯ ಪರೀಕ್ಷೆ ಮತ್ತು ಬೇಸಿಗೆಯ ಆರೈಕೆ ಕುರಿತು ಪಶುವೈದ್ಯರೊಬ್ಬರಿಂದ ಬರೆಸಿ ಎಂದು ಕೋರುತ್ತೇನೆ. ಬೇಸಿಗೆಗೆ ಮೊದಲೇ ಬಂದರೆ ಇನ್ನೂ ಒಳ್ಳೆಯದು.

ಇತಿ,
ಒಬ್ಬ ಹಂದಿ ಸಾಕಣೆಗಾರ