ಮೂಡಿಗೆರೆ ಇಲ್ಲದ ಲೇಖನ

ಪ್ರೀತಿಯ ಸಂಗಾತಿ,

ಪಕ್ಷ, ಸಂಘಟನೆ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದಿದೆ. ಚೆನ್ನಾಗಿ ಓದಿಕೊಂಡು ಬರೆದಿದ್ದೀಯ, ಖುಷಿಯಾಯಿತು. ಆದರೆ ಲೆನಿನ್ ಏಳು ಕಡೆ ಬರುತ್ತಾರೆ, ಮೂಡಿಗೆರೆ ಒಂದು ಕಡೆಯೂ ಬರುವುದಿಲ್ಲ. ನೀನಿರುವುದು ಇಲ್ಲೇ ಅಲ್ವಾ?

ಗುಟ್ಟಾಗಿ ಕೆಲಸ ಮಾಡುವ ಬಿಗಿಯಾದ ಪಕ್ಷ ಬೇಕು ಎಂದು ಲೆನಿನ್ 1902ರಲ್ಲಿ ಬರೆದರು. ಆಗ ಜಾರ್ ಆಳುತ್ತಿದ್ದ ರಷ್ಯಾದಲ್ಲಿ ಸಂಘ ಕಟ್ಟಿದರೆ ಜೈಲು, ಇಲ್ಲವೇ ಸೈಬೀರಿಯಾ. 1905ರಲ್ಲಿ ಕಾರ್ಮಿಕರು ಬೀದಿಗಿಳಿದಾಗ, ಪಕ್ಷದ ಬಾಗಿಲು ತೆಗೆದು ಅವರನ್ನು ಒಳಗೆ ಸೇರಿಸಿಕೊಳ್ಳಿ ಎಂದು ಬರೆದವರೂ ಅವರೇ. ಮೇಲಿನವರ ಹಿಡಿತ ಜಾಸ್ತಿಯಾದರೆ ಚಳವಳಿ ಸೊರಗುತ್ತದೆ ಎಂದು ಜರ್ಮನಿಯ ಸಮಾಜವಾದಿ ನಾಯಕಿ ರೋಸಾ ಲಕ್ಸೆಂಬರ್ಗ್ 1904ರಲ್ಲೇ ಅವರ ಜೊತೆ ವಾದಕ್ಕಿಳಿದಿದ್ದರು. ಇಬ್ಬರೂ ಎದುರಿಗಿದ್ದ ಜನರನ್ನು ನೋಡಿ ಬರೆದರು. ನೀನು ಇಸವಿ, ಊರು ಎರಡನ್ನೂ ಬಿಟ್ಟು ಮಾತನ್ನಷ್ಟೇ ಎತ್ತಿಕೊಂಡಿದ್ದೀಯ.

ನಮ್ಮ ಕಾಫಿ ತೋಟಗಳನ್ನೇ ನೋಡು. ನಾನು ಸಂಘದ ಕೆಲಸಕ್ಕೆ ಬಂದಾಗ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಅಜ್ಜನ ಕಾಲದಿಂದ ಇದ್ದ ಕುಟುಂಬಗಳಿದ್ದವು. ಸಂಜೆ ಹೋಗಿ ಕೂತರೆ ಸಭೆ ಆಗುತ್ತಿತ್ತು. ಈಗ ಅಸ್ಸಾಂ, ಬಂಗಾಳದ ಕಡೆಯವರು ಎಷ್ಟೋ ಜನ. ಮೇಸ್ತ್ರಿ ಕರೆದುಕೊಂಡು ಬರುತ್ತಾನೆ, ಕೊಯ್ಲು ಮುಗಿದರೆ ಬೇರೆ ಕಡೆ ಕರೆದೊಯ್ಯುತ್ತಾನೆ. ನಮ್ಮ ಕರಪತ್ರ ಇನ್ನೂ ಕನ್ನಡದಲ್ಲೇ ಇದೆ. ಮೂರು ತಿಂಗಳು ಇದ್ದು ಹೋಗುವವರ ಸಂಘ ಕಟ್ಟುವುದು ಹೇಗೆ?

ಇನ್ನೊಂದು ವಿಷಯ. 1951ರ ತೋಟ ಕಾರ್ಮಿಕರ ಕಾಯ್ದೆ, ತಿದ್ದುಪಡಿ ಆದ ಮೇಲೂ, ಕನಿಷ್ಠ 5 ಹೆಕ್ಟೇರ್ ಜಮೀನು, 15 ಆಳು ಇದ್ದ ತೋಟಕ್ಕಷ್ಟೇ ತಾನಾಗಿ ಅನ್ವಯವಾಗುತ್ತಿತ್ತು. ನಮ್ಮಲ್ಲಿ ಸಣ್ಣ ತೋಟಗಳೇ ಜಾಸ್ತಿ. ಮೂರು ಎಕರೆಯವನು ತಾನೂ ಹಣ್ಣು ಕೊಯ್ಯುತ್ತಾನೆ, ನಾಲ್ಕು ಆಳನ್ನೂ ಇಟ್ಟುಕೊಳ್ಳುತ್ತಾನೆ, ಬ್ಯಾಂಕಿನ ಸಾಲಗಾರನೂ ಹೌದು. ಅವನು ನಮ್ಮ ಕಡೆಯವನಾ, ಆ ಕಡೆಯವನಾ? ನೀನು ‘ಮಾಲೀಕ ವರ್ಗ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಯಾರ ಜೊತೆ ಸೇರಬೇಕು, ಯಾರ ಎದುರು ನಿಲ್ಲಬೇಕು ಅನ್ನುವುದು ಅಲ್ಲೇ ತೀರ್ಮಾನ ಆಗಬೇಕಿತ್ತು.

ತೋಟದಲ್ಲಿ ರೈಟ್ರು ಅಂದರೆ ಹಾಜರಿ ಬರೆಯುವವರು. ಯಾರು ಬಂದರು, ಎಷ್ಟು ಕೆಜಿ ಹಣ್ಣು, ಮುಂಗಡದಲ್ಲಿ ಎಷ್ಟು ಮುರಿದುಕೊಂಡದ್ದು, ಎಲ್ಲ ಆ ಪುಸ್ತಕದಲ್ಲಿರುತ್ತದೆ. ನಿನ್ನ ಬರಹದಲ್ಲೂ ಅಷ್ಟು ಲೆಕ್ಕ ಇರಲಿ. ‘ಹೆಚ್ಚುವರಿ ಮೌಲ್ಯ’, ಅಂದರೆ ಕೂಲಿ ಕೊಟ್ಟ ಮೇಲೆ ದುಡಿಮೆಯಿಂದ ಮಾಲೀಕನಿಗೆ ಉಳಿಯುವ ಪಾಲು, ಅಂತ ಬರೆಯುವ ಮುಂಚೆ, 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಅಷ್ಟೊಂದು ಏರಿದಾಗ ಕೊಯ್ಲಿನ ಕೂಲಿ ಎಷ್ಟು ಏರಿತು ಅಂತ ಕೊಯ್ಯುವ ಹೆಂಗಸರನ್ನೇ ಕೇಳು.

ಬಂದೂಕಿನ ದಾರಿಯನ್ನು ಒಂದೇ ಸಾಲಿನಲ್ಲಿ ದಾಟಿದ್ದೀಯ. ಹಾಗೆ ಮಾಡಬೇಡ. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲೇ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು. ನಡುವೆ ಇಪ್ಪತ್ತು ವರ್ಷ. ಕಾಡಿನಿಂದ ಒಕ್ಕಲೆಬ್ಬಿಸುವ ಭಯ ನಿಜ, ಜಮೀನಿಲ್ಲದವರ ಸಿಟ್ಟು ನಿಜ. ಆದರೆ ಆ ವರ್ಷಗಳಲ್ಲಿ ಸುಮ್ನೆ ಒಂದು ಸಭೆಗೆ ಬರುವುದಕ್ಕೂ ಜನ ಹೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಾರಿ ಸೋತಿತು ಅಂತಲೇ ನನ್ನ ನಂಬಿಕೆ. ಸತ್ತವರನ್ನು ಹೀಗಳೆಯದೆ ಅದನ್ನು ಬರೆಯುವುದು ಕಷ್ಟ. ಆದರೂ ಬರೆಯಬೇಕು.

ಮುಂದಿನ ಸಂತೆ ದಿನ ಬಿಡುವು ಮಾಡಿಕೋ. ಅಸ್ಸಾಮಿನವರು ಸಾಮಾನಿಗೆ ಬರುತ್ತಾರೆ. ಹಿಂದಿ ಚೆನ್ನಾಗಿ ಬರುವ ಗೆಳೆಯನೊಬ್ಬನನ್ನು ಕರೆತರುತ್ತೇನೆ. ಲೇಖನವನ್ನು ಆಮೇಲೆ ತಿದ್ದೋಣ.

ನಿನ್ನ ಹಿರಿಯ ಸಂಗಾತಿ