ಅಪ್ಪನ ಕಣ್ಣಿನ ಡಾಕ್ಟರಿಗೆ ಥ್ಯಾಂಕ್ಸ್

ಅಪ್ಪ 1971ರ ಯುದ್ಧದಲ್ಲಿ ಫಿರಂಗಿ ಸಿಡಿಸಿದವರು. ಆ ಸದ್ದಿಗೆ ಕಿವಿ ಮಂದವಾಯಿತು. ಈಗ ಕಣ್ಣಿಗೂ ಪೊರೆ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ನನಗೆ ಒಂದೇ ಭಯ. ಪೊರೆ ಆಪರೇಷನ್‌ನಲ್ಲಿ ರೋಗಿ ಎಚ್ಚರವಾಗೇ ಇರುತ್ತಾರೆ, ಮುಖದ ಮೇಲೆ ಬಟ್ಟೆ ಬೇರೆ. ಸೀಳು 3 ಮಿಲಿಮೀಟರ್ ಕೂಡ ಇರಲ್ಲ. ಡಾಕ್ಟರ್ ಮಾತು ಕೇಳಿಸದೆ ಅಪ್ಪ ತಲೆ ಅಲ್ಲಾಡಿಸಿಬಿಟ್ಟರೆ?

ನಾನು ಬಾಯಿ ಬಿಡುವ ಮೊದಲೇ ಆ ಸರ್ಜನ್ ಅಪ್ಪನ ಪಕ್ಕ ಕೂತರು. ಕಿವಿ ಹತ್ತಿರ ಬಾಗಿದರು. "ಸುಬೇದಾರ್ ಸಾಹೇಬ್ರೇ, ಸಿಸ್ಟರ್ ನಿಮ್ಮ ಕೈ ಹಿಡಿದಿರ್ತಾರೆ. ಒಂದು ಸಲ ಒತ್ತಿದರೆ ಅಲ್ಲಾಡಬೇಡಿ. ಎರಡು ಸಲ ಒತ್ತಿದರೆ ದೀಪ ನೋಡಿ." ದೊಡ್ಡ ಅಕ್ಷರದಲ್ಲಿ ಬರೆದೂ ತೋರಿಸಿದರು. ಸುಮ್ನೆ ಹೇಳಿ ಹೋಗಲಿಲ್ಲ, ಕೈ ಹಿಡಿದು ಅಭ್ಯಾಸ ಮಾಡಿಸಿದರು. ಅಪ್ಪ "ಜೀ ಸಾಬ್" ಅಂದಾಗ ನನಗೆ ಉಸಿರು ಬಂತು.

ಈಗ ಅಪ್ಪ ಪೇಪರ್ ತಾವೇ ಓದುತ್ತಾರೆ. ಡಾಕ್ಟ್ರೇ, ಸಿಸ್ಟರ್, ನಿಮ್ಮಿಬ್ಬರಿಗೂ ನಮ್ಮ ಮನೆಯವರೆಲ್ಲರ ಥ್ಯಾಂಕ್ಸ್.