ಗೋಡೆ ಒಡೆಯುವವನಿಗೆ ಲೈಸೆನ್ಸ್ ಬೇಡವೇ?

ಮಾನ್ಯ ಸಂಪಾದಕರೇ,

ಮಂಗಳವಾರ ನಮ್ಮ ಬಡಾವಣೆಯ ಸುದ್ದಿ ಓದಿದೆ. ಮನೆ ರಿಪೇರಿಗೆಂದು ಮುಂಗಡ ತೆಗೆದುಕೊಂಡು ಕೆಲಸ ಅರ್ಧಕ್ಕೆ ಬಿಟ್ಟು ಹೋದ ಕಂಟ್ರಾಕ್ಟರ್‌ನ ವಿಷಯ. ನನಗೇನೂ ಆಶ್ಚರ್ಯ ಆಗಲಿಲ್ಲ. ಸಿಟ್ಟು ಬಂದದ್ದು ಕೊನೆಯ ಸಾಲಿಗೆ. ‘ಸಾರ್ವಜನಿಕರು ಎಚ್ಚರ ವಹಿಸಬೇಕು’ ಎಂದು ಅಧಿಕಾರಿಯೊಬ್ಬರು ಹೇಳಿದ್ದಾರಂತೆ. ನಾನು ಅದನ್ನು ಓದುವಾಗ ನಮ್ಮ ಅಡುಗೆಮನೆಯಲ್ಲಿ ಸ್ಟವ್ ಪಕ್ಕ ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆನೀರಾಗಿದ್ದರೆ ಸುಮ್ಮನಿರುತ್ತಿದ್ದೆ. ಅದು ಮಹಡಿಯ ಬಚ್ಚಲಿನ ನೀರು. ಹೊಸದಾಗಿ ಮಾಡಿಸಿದ ಬಚ್ಚಲು. ಎರಡೂಮುಕ್ಕಾಲು ಲಕ್ಷದ ಬಚ್ಚಲು.

ಎಚ್ಚರ ವಹಿಸಿದ್ದೆ ಸ್ವಾಮಿ. ಮೂರು ಜನರ ಹತ್ತಿರ ಎಸ್ಟಿಮೇಟ್ ಕೇಳಿದೆ. ಅತಿ ಕಡಿಮೆ ಹೇಳಿದವನನ್ನು ಬಿಟ್ಟು ನಡುವಿನವನನ್ನು ಹಿಡಿದೆ. ಅವನು ಮಾಡಿದ ಕೆಲಸ ನೋಡಬೇಕು ಎಂದು ಒಂದು ಮನೆಗೂ ಹೋಗಿ ಬಂದೆ. ಆ ಮನೆಯವರು ಕಾಫಿ ಕೊಟ್ಟು, ಇವನನ್ನು ಬಾಯ್ತುಂಬ ಹೊಗಳಿದರು. ಅವರು ಇವನ ಭಾವಮೈದ ಎಂದು ತಿಳಿದದ್ದು ಮೊನ್ನೆ.

ಕೆಲಸ ಆರು ವಾರ ಎಂದಿದ್ದ. ಆಷಾಢದಲ್ಲಿ ಬಾಗಿಲು ಇಡಬಾರದು ಎಂದ. ಶ್ರಾವಣದಲ್ಲಿ ಹುಡುಗರು ಊರಿಗೆ ಹೋದರು. ಪಿತೃಪಕ್ಷದಲ್ಲಿ ಹೊಸ ಸಾಮಾನು ತರುವುದು ಬೇಡ ಎಂದ. ದಸರಾಕ್ಕಂತೂ ಕೇಳುವುದೇ ಬೇಡ. ಶನಿವಾರದ ಬಟವಾಡೆ ಮಾತ್ರ ಒಂದು ವಾರವೂ ತಪ್ಪಲಿಲ್ಲ. ಅಷ್ಟೂ ದಿನ 79 ವರ್ಷದ ನಮ್ಮ ಅತ್ತೆ, ಮಂಡಿನೋವಿನವರು, ಸ್ನಾನಕ್ಕೆ ಮೆಟ್ಟಿಲಿಳಿದು ಬಾಡಿಗೆಯವರ ಮನೆಗೆ ಹೋದರು. ಬಾಡಿಗೆಯವರು ಒಳ್ಳೆಯವರು, ಬಾಡಿಗೆ ಕಡಿಮೆ ಮಾಡಿ ಎಂದು ಇನ್ನೂ ಕೇಳಿಲ್ಲ.

ಈಗ ಬೇರೆ ಮೇಸ್ತ್ರಿಯನ್ನು ಕರೆಸಿದ್ದೇವೆ. ಟೈಲ್ಸ್ ಕಿತ್ತು ನೋಡಿ ಅವರು ತಲೆ ಚಚ್ಚಿಕೊಂಡರು. ವಾಟರ್‌ಪ್ರೂಫಿಂಗ್ ಆದ ಮೇಲೆ ಬಚ್ಚಲಿನಲ್ಲಿ ನೀರು ಕಟ್ಟಬೇಕಂತೆ. 24 ಗಂಟೆಯಾದರೂ ಹಾಗೇ ಬಿಟ್ಟು, ಕೆಳಗೆ ಸೋರುತ್ತದೆಯೇ ನೋಡಿ, ಆಮೇಲೆ ಟೈಲ್ಸ್ ಹಾಕಬೇಕಂತೆ. ನಮ್ಮವನು ಬೆಳಿಗ್ಗೆ ಬ್ರಷ್‌ನಲ್ಲಿ ಏನೋ ಬಳಿದ, ಮಧ್ಯಾಹ್ನ ಊಟ ಮಾಡಿ ಬಂದು ಟೈಲ್ಸ್ ಅಂಟಿಸಿದ. ಅಡುಗೆಮನೆಯ ಕಪಾಟಿಗೆ ನೀರು ತಡೆಯುವ 710 ಪ್ಲೈವುಡ್ ಎಂದು ಬರೆದುಕೊಟ್ಟಿದ್ದ, ಹಾಕಿದ್ದು ಮಾಮೂಲಿ ಕಮರ್ಷಿಯಲ್. ಸಿಂಕ್ ಕೆಳಗಿನ ಬಾಗಿಲು ಕರಿದ ಹಪ್ಪಳದ ಹಾಗೆ ಉಬ್ಬಿದೆ. ಅವನ ಫೋನು ಸ್ವಿಚ್ ಆಫ್.

ಪೊಲೀಸರ ಹತ್ತಿರ ಹೋದರೆ ‘ಇದು ಸಿವಿಲ್ ಮ್ಯಾಟರ್ ಅಮ್ಮಾ’ ಎಂದರು. ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಿ ಎಂದು ಯಾರೋ ಹೇಳಿದರು. ಆ 2016ರ ಕಾನೂನು ಲೇಔಟ್, ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರಿಗೆ, ಅದೂ ಜಾಗ 500 ಚದರ ಮೀಟರಿಗಿಂತ ಜಾಸ್ತಿ ಇದ್ದರೆ, ಇಲ್ಲವೇ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ. ನಮ್ಮ ಬಚ್ಚಲು ಎಂಟಕ್ಕೆ ಐದು ಅಡಿ. ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗೆ ಶುಲ್ಕವೂ ಇಲ್ಲ, ಒಳ್ಳೆಯದೇ. ಆದರೆ ನಮ್ಮ ಅಗ್ರಿಮೆಂಟ್ ಎಂದರೆ ಟೈಲ್ಸ್ ಅಂಗಡಿಯ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ. ಸಹಿ ಇಲ್ಲ. ಸರಿಯಾಗಿ ಬರೆಸಿಕೊಳ್ಳೋಣ ಎಂದು ನಾನು ಹೇಳಿದ್ದೆ. ‘ಒಳ್ಳೆ ಹುಡುಗ, ಸುಮ್ನೆ ಅನುಮಾನ ಪಡಬೇಡ’ ಎಂದವರು ನಮ್ಮ ಮನೆಯವರು. ಈಗ ಬಕೆಟ್ ಎತ್ತಿ ಚೆಲ್ಲುವ ಕೆಲಸ ಅವರದೇ.

ಕರೆಂಟ್ ಗುತ್ತಿಗೆದಾರನಿಗೆ ಸರ್ಕಾರದ ಲೈಸೆನ್ಸ್ ಬೇಕು. ಲೋಕೋಪಯೋಗಿ ಇಲಾಖೆಯ ಕೆಲಸ ಹಿಡಿಯಲು ಒಂದನೇ ದರ್ಜೆ, ಎರಡನೇ ದರ್ಜೆ ಎಂದು ನೋಂದಣಿ ಬೇಕು (ಅವರು ಹಾಕಿದ ರಸ್ತೆಗಳ ಮಾತು ಇಲ್ಲಿ ಬೇಡ). ನನ್ನ ಮನೆಯ ಗೋಡೆ ಒಡೆಯಲು ಏನು ಬೇಕು? ಒಂದು ಬೈಕು, ಒಂದು ಅಳತೆ ಟೇಪು, ಒಂದು ವಿಸಿಟಿಂಗ್ ಕಾರ್ಡು. ಇವನು ಯಾರು, ಹಿಂದೆ ಎಷ್ಟು ಮನೆ ಕೆಡಿಸಿದ್ದಾನೆ ಎಂದು ಕೇಳಲು ಒಂದು ಕಚೇರಿ ಇಲ್ಲ. ಎಚ್ಚರ ವಹಿಸುವುದು ಅಂದರೆ ಏನು, ಜಾತಕ ನೋಡುವುದೇ?

ಇಷ್ಟು ಸಾಲದು ಎಂದು ಗೇಟಿನ ಮುಂದೆ ಒಡೆದ ಗೋಡೆಯ ರಾಶಿ ಬಿದ್ದಿದೆ. ವಾರ್ಡ್ ಕಚೇರಿಯವರು ಬಂದು ನನಗೆ 2,000 ರೂಪಾಯಿ ದಂಡ ಹಾಕಿದರು. ನಿಯಮದ ಪ್ರಕಾರ ಕಟ್ಟಡದ ತ್ಯಾಜ್ಯಕ್ಕೆ ಅದನ್ನು ಉಂಟುಮಾಡಿದವರೇ ಜವಾಬ್ದಾರರಂತೆ. ಉಂಟುಮಾಡಿದವಳು ನಾನಂತೆ. ಆಗಲಿ. ನಮ್ಮದೇ ರಸ್ತೆಯ ತಿರುವಿನಲ್ಲಿ ಯುಜಿಡಿಗೆ (ಒಳಚರಂಡಿಗೆ) ಅಗೆದ ಮಣ್ಣು ಕಳೆದ ಶಿವರಾತ್ರಿಯಿಂದ ಬಿದ್ದಿದೆ, ಅದರ ಮೇಲೆ ಹರಳುಗಿಡ ಬೆಳೆದು ಕಾಯಿ ಬಿಟ್ಟಿದೆ. ಅದನ್ನು ಉಂಟುಮಾಡಿದವರು ಯಾರು? ಅವರಿಗೆ ದಂಡ ಎಷ್ಟು? ಇದೇ ಕಚೇರಿಯಲ್ಲಿ ನಮ್ಮ ಖಾತೆಯಲ್ಲಿ ಒಂದು ಇನಿಶಿಯಲ್ ತಿದ್ದಿಸಲು ಹನ್ನೊಂದು ಸಲ ಅಲೆದಿದ್ದೇನೆ. ಒಂದು ದಿನ ಸರ್ವರ್ ಡೌನ್, ಇನ್ನೊಂದು ದಿನ ಸಾಹೇಬರು ಮೀಟಿಂಗ್. ದಂಡದ ರಸೀದಿ ಮಾತ್ರ ಎರಡೇ ನಿಮಿಷದಲ್ಲಿ ಬಂತು, ಸರ್ವರ್ ಆ ದಿನ ಎಷ್ಟು ಚುರುಕಾಗಿತ್ತು!

ರಿಪೇರಿ ಕಂಟ್ರಾಕ್ಟರ್‌ಗಳಿಗೂ ಲೈಸೆನ್ಸ್ ಮಾಡಿ. ಲೈಸೆನ್ಸ್ ಆಗದಿದ್ದರೆ ದೂರು ಬಂದವರ ಪಟ್ಟಿಯನ್ನಾದರೂ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ಅದೂ ಆಗದಿದ್ದರೆ ‘ಎಚ್ಚರ ವಹಿಸಿ’ ಎಂದು ಪತ್ರಿಕೆಗೆ ಹೇಳಿಕೆ ಕೊಡುವುದನ್ನು ನಿಲ್ಲಿಸಿ. ಮೊದಲು ಆ ಮಣ್ಣು ತೆಗೆಸಿ.

– ನಿವೃತ್ತ ಶಿಕ್ಷಕಿ, ಮೈಸೂರು